ಹಾಜರಿ

ಗಾಡಿಕೊಪ್ಪದ ಆಚೆ, ಕೊಯ್ದು ಮುಗಿದ ಗದ್ದೆಯಲ್ಲಿ
ಮಂದೆ ಹಾಕಿದ್ದ ಮೈಲಾರಿ
ಕಂಬಳಿಯ ಮಡಿಕೆಯಿಂದ ತೆಗೆದುಕೊಟ್ಟ ಮರಿ.
ನೆನೆಸಿಟ್ಟ ಹುರುಳಿಯ ಬಣ್ಣ. ಹೆಸರೂ ಅದೇ ಆಯ್ತು.
'ಹೊಟ್ಟೆಗೆ ಹಾಕಿದರೆ ಸಾಕು ಅಕ್ಕಾ,' ಅಂದಿದ್ದ,
'ಕೆಲಸ ಅದಕ್ಕೇ ಗೊತ್ತು.'

ಕೆಲಸವಂತೆ!
ಗೋಪಾಳದ ಎರಡು ಕೋಣೆಯ ಬಾಡಿಗೆ ಮನೆ,
ಒಂದು ಹೊಲಿಗೆ ಮಿಷನ್ನು, ಒಂದು ಟೀವಿ,
ತಿಂಗಳ ಐದಕ್ಕೆ ತಪ್ಪದೆ ಬರುವ ಮಾಲೀಕ.
ಕುರಿ ಕಾಯುವ ನಾಯಿಗೆ ಇಲ್ಲೇನು ಕೆಲಸ?
ಇಲ್ಲಿ ಕುರಿ ಇಲ್ಲವೆಂದು
ಅದಕ್ಕೆ ಯಾರೂ ಹೇಳಿರಲಿಲ್ಲ.

ಮೊದಲ ವಾರವೇ ಶುರು.
ಹಿಮ್ಮಡಿಗೆ ಮೂಗು ತಾಗಿಸಿ, ಕಚ್ಚದೆ, ನೂಕದೆ,
ಒಬ್ಬೊಬ್ಬರನ್ನೇ ನಡುಮನೆಗೆ ಹೊಡೆದು ತರುವುದು.
ಚಂಪಾ ಪುಸ್ತಕ ಹಿಡಿದು ಮೆಟ್ಟಿಲಲ್ಲಿ ಕೂತರೆ ಅವಳನ್ನು,
ಹಾಲೇಶ ಹಿತ್ತಲಲ್ಲಿ ಕದ್ದು ಬೀಡಿ ಹಚ್ಚಿದರೆ ಅವನನ್ನು,
ಬ್ಲೌಸಿನ ಅಳತೆಗೆ ಬಂದ ಕಾನ್ವೆಂಟಿನ ಟೀಚರನ್ನೂ ಸೇರಿಸಿ
ಒಂದು ಮೂಲೆಗೆ ನಿಲ್ಲಿಸಿ, ಎದುರಿಗೆ ಮಲಗಿ,
ಗದ್ದ ನೆಲಕ್ಕಿಟ್ಟು
ಹಾಜರಿ ತೆಗೆದುಕೊಳ್ಳುವುದು.
ಬಾಡಿಗೆ ಎಣಿಸಿಕೊಂಡ ಮಾಲೀಕರು
ಒಂದೂವರೆ ಗಂಟೆ ನಮ್ಮಲ್ಲೇ ಉಳಿದರು.

ಪಕ್ಕದ ರುದ್ರಮುನಿಯವರ ಲ್ಯಾಬ್ರಡಾರು
ಬಂದವರಿಗೆಲ್ಲ ಶೇಕ್‌ಹ್ಯಾಂಡ್ ಕೊಡುತ್ತದೆ.
ಕಳ್ಳ ಬಂದಾಗಲೂ ಕೊಟ್ಟಿತಂತೆ.
'ನಿಮ್ಮದಕ್ಕೂ ಸ್ವಲ್ಪ ಮ್ಯಾನರ್ಸು ಕಲಿಸಿ ಮೇಡಂ,' ಅಂದರು
ಪ್ಯಾಂಟಿನ ತುದಿ ಕೊಡವುತ್ತ.

ಕಲಿಸಿದೆ.
ಅಡುಗೆಮನೆ ಹೊಸಿಲು ದಾಟಬಾರದು.
ಎಲ್ಲರ ಊಟ ಆದ ಮೇಲೆ ನಿನ್ನದು.
ಬಂದವರ ಮುಂದೆ ದನಿ ಎತ್ತಬಾರದು.
ಕೂತ್ಕೋ ಅಂದರೆ ಕೂರಬೇಕು.
ನಾಲ್ಕನೆಯದು ಹೇಳುವಾಗ ನನ್ನ ದನಿ ನನಗೇ ಕೇಳಿಸಿತು.
ಶಿರಾಳಕೊಪ್ಪ. ನನಗೆ ಹತ್ತೊಂಬತ್ತು.
ಅತ್ತೆಯ ತೋರುಬೆರಳು ಹೀಗೇ ಮೇಲೆದ್ದಿತ್ತು.
ಕೈ ಇಳಿಸಿದೆ.
ಹುರುಳಿಗೆ ಬಿಸ್ಕತ್ತು ಕೊಟ್ಟೆ.
ನನಗೆ ಯಾರೂ ಕೊಟ್ಟಿರಲಿಲ್ಲ.

ಕಲಿಯಿತು, ತನ್ನ ಲೆಕ್ಕದಲ್ಲಿ.
ಹೊಸಿಲು ದಾಟದು. ಹೊಸಿಲ ಮೇಲೆಯೇ ಮಲಗುತ್ತದೆ,
ದಾಟುವ ಪಾಡು ನಮ್ಮದು.
ಬೊಗಳದು. ಗಂಟಲೊಳಗೇ ಒಂದು ಸದ್ದು,
ಕುಕ್ಕರು ಕೂಗುವ ಮುಂಚಿನದು.
ಚಪ್ಪಲಿ ಕಡಿಯದು. ಒಯ್ದು ಬಚ್ಚಿಡುತ್ತದೆ,
ಎಡಗಾಲಿನದು ಮಾತ್ರ,
ಹೊರಡಲು ನಿಂತವರದು.

ಪೊಲೀಸ್ ಶ್ವಾನದಳದಲ್ಲಿದ್ದ ಲೋಬೋ ಮಾಮ
ಪ್ಯಾಂಟಿಗೆ ಜಿಪ್ಪು ಹಾಕಿಸಲು ಬಂದವರು ಅರ್ಧ ಗಂಟೆ ನೋಡಿದರು.
'ನಮ್ಮಲ್ಲೊಂದು ಇತ್ತಮ್ಮ, ರಾಣಿ ಅಂತ.
ವಾಸನೆ ಹಿಡಿಯೋದರಲ್ಲಿ ಜಿಲ್ಲೆಗೇ ಮೊದಲು.
ದೀಪಾವಳಿ ಬಂದರೆ ನನ್ನ ಮಂಚದ ಅಡಿ.
ಮೆಡಲ್ಲು ಕೊಟ್ಟರು. ಹೆದರಿಕೆ ತೆಗೆಯೋಕೆ ಯಾರಿಗೂ ಆಗಲಿಲ್ಲ.'
ಅಷ್ಟು ಹೇಳಿ, ಬಾಗಿಲಲ್ಲಿ ನಿಂತು
ಎಡಗಾಲಿನ ಚಪ್ಪಲಿ ಹುಡುಕತೊಡಗಿದರು.

ಮಾಘದಲ್ಲಿ ಅತ್ತೆ ಬಂದರು, ಕಣ್ಣಿನ ಆಪರೇಷನ್ನಿಗೆ.
ನಾಯಿ ಸೋಕಿದ ಸೆರಗನ್ನು ಎರಡು ಸಲ ಹಿಂಡಿದರು.
ಮೂರನೆಯ ರಾತ್ರಿ, ಕರೆಂಟಿಲ್ಲ,
ಬಚ್ಚಲೆಂದು ಹೊರಬಾಗಿಲ ಚಿಲಕ ತೆಗೆದಿದ್ದಾರೆ.
ಆಚೆ ಏಳು ಮೆಟ್ಟಿಲು.
ನಾನು ಎದ್ದು ಬರುವಷ್ಟರಲ್ಲಿ
ಹುರುಳಿ ಅಡ್ಡ ಸುತ್ತಿ, ಹಿಮ್ಮಡಿಗೆ ಮೂಗಿಟ್ಟು,
ಅವರನ್ನು ಹಾಸಿಗೆಯತ್ತ ತಿರುಗಿಸಿ ತರುತ್ತಿತ್ತು,
ಗುಂಪು ತಪ್ಪಿದ ಮುದಿ ಕುರಿಯನ್ನು ತರುವ ಹಾಗೆ,
ಆತುರವಿಲ್ಲದೆ.
ಅತ್ತೆ ಬೈಯುತ್ತಲೇ ನಡೆದು ಬಂದರು.

ಬೆಳಿಗ್ಗೆ, ಒಂದು ಕಣ್ಣಿಗೆ ಹತ್ತಿ, ಕೈಯಲ್ಲಿ ಚಹಾ.
'ಕೂತ್ಕೋ,' ಅಂದರು ಹುರುಳಿಗೆ. ಅದೇ ಬೆರಳು.
ಅದು ಕೂರಲಿಲ್ಲ; ಅವರ ಕಾಲ ಬಳಿ ಬಂದು ಹಿಮ್ಮಡಿ ಮೂಸಿತು.
ಅತ್ತೆಯೇ ಕೂತರು.
ಚಹಾದಲ್ಲಿ ಅದ್ದಿದ ಬಿಸ್ಕತ್ತು ಮುರಿದು
ಅದರ ಬಾಯಿಗಿಟ್ಟರು.
ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಮೂರು ಸಲ ತಪ್ಪಿತು.

ಈಗಲೂ ಸಂಜೆ ಏಳಕ್ಕೆ ಎಣಿಕೆ.
ಚಂಪಾ, ಹಾಲೇಶ, ಅತ್ತೆ, ನಾನು.
ಎಲ್ಲ ಇದ್ದೇವೆ ಕಣೋ ಅಂದರೂ ನಂಬದು.
ಎದ್ದು ಹೋಗಿ ಗೇಟಿನ ಸಂದಿಗೆ ಮೂಗು ತೂರಿಸಿ
ಸಾಗರ ರಸ್ತೆಯ ಕಡೆ ನೋಡುತ್ತ ನಿಲ್ಲುತ್ತದೆ,
ಇನ್ನೂ ಇನ್ನೂರು ಬರಬೇಕಿರುವ ಹಾಗೆ.